ಗೆರೆ ಬೇಕಿದ್ದರೆ ಮೊದಲು ಸೀಳು ನೋಡಿ: ಮನೆಯಲ್ಲೇ ಬೆಳಕಿನ ರೋಹಿತದ ಫೋಟೊ ತೆಗೆಯುವ ಬಗೆ

"ಗ್ರೇಟಿಂಗ್ ತರಿಸಿದೆ, ಮೊಬೈಲಿನ ಮುಂದೆ ಹಿಡಿದೆ, ಕಾಮನಬಿಲ್ಲಿನ ಹಾಗೆ ಬಣ್ಣ ಬಂತು. ಆದರೆ ಪುಸ್ತಕದಲ್ಲಿರುವಂಥ ಗೆರೆಗಳು ಬರಲೇ ಇಲ್ಲ. ಯಾಕೆ?" ಡೊಂಬಿವಲಿ, ಮುಲುಂಡ್, ಪುಣೆ ಕಡೆಯ ಓದುಗರು ನನ್ನನ್ನು ಮತ್ತೆ ಮತ್ತೆ ಕೇಳುವುದು ಇದನ್ನೇ. ಕೆಲವರು ಫೋಟೊ ಕೂಡ ಕಳಿಸುತ್ತಾರೆ. ನೋಡಿದರೆ ಹೆಚ್ಚುಕಡಿಮೆ ಎಲ್ಲದರಲ್ಲೂ ಒಂದೇ ತೊಂದರೆ: ಬೆಳಕು ಸೀಳಿನ ಮೂಲಕ ಬಂದಿರುವುದಿಲ್ಲ, ಬಂದಿದ್ದರೂ ಆ ಸೀಳು ತೀರ ಅಗಲವಾಗಿರುತ್ತದೆ. ಇನ್ನೂ ದುಬಾರಿ ಗ್ರೇಟಿಂಗ್ ಕೊಂಡರೆ ಇದು ಸರಿಹೋಗುವುದಿಲ್ಲ. ಎರಡಾಗಿ ಮುರಿದ ಒಂದು ಬ್ಲೇಡು ಮತ್ತು ಒಂದು ಜೆರಾಕ್ಸ್ ಹಾಳೆಯಿಂದ ಸರಿಹೋಗುತ್ತದೆ. ಹೇಗೆಂದು ಹೇಳುತ್ತೇನೆ.

ಮೊದಲು ಮೂರು ಪದ. ಬೆಳಕನ್ನು ಅದರ ಬಣ್ಣಗಳಾಗಿ ಬಿಡಿಸಿ ಸಾಲಾಗಿ ಹರಡಿದ ಪಟ್ಟಿಯೇ ರೋಹಿತ. ಬಿಡಿಸುವ ಕೆಲಸ ಗ್ರೇಟಿಂಗಿನದು. ಪಠ್ಯಪುಸ್ತಕದ ಮಾತಿನಲ್ಲಿ ವಿವರ್ತನ ಜಾಲರಿ. ಪಾರದರ್ಶಕ ಹಾಳೆಯ ಮೇಲೆ ಒತ್ತೊತ್ತಾಗಿ ಗೆರೆ ಮೂಡಿಸಿರುತ್ತಾರೆ, ಒಂದು ಮಿಲಿಮೀಟರಿಗೆ 500 ಅಥವಾ 1000. ಇನ್ನು ತರಂಗಾಂತರ, ಅಂದರೆ ಬೆಳಕಿನ ಅಲೆಯ ಉದ್ದ. ಅದನ್ನು ನ್ಯಾನೊಮೀಟರಿನಲ್ಲಿ ಹೇಳುವುದು ರೂಢಿ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಮೀಟರ್. ನೇರಳೆ 400ರ ಹತ್ತಿರ, ಕಡುಗೆಂಪು 700ರ ಹತ್ತಿರ. ಅಲೆ ಉದ್ದವಾದಷ್ಟೂ ಗ್ರೇಟಿಂಗ್ ಅದನ್ನು ಹೆಚ್ಚು ಓರೆಗೆ ತಿರುಗಿಸುತ್ತದೆ.

ಈಗ ಮುಖ್ಯವಾದ ಮಾತು. ಗ್ರೇಟಿಂಗ್ ಹಚ್ಚಿದ ಕ್ಯಾಮೆರಾ ದೀಪದ ಚಿತ್ರವನ್ನೇ ತೆಗೆಯುತ್ತದೆ, ಒಂದೊಂದು ಬಣ್ಣಕ್ಕೆ ಒಂದೊಂದು ಪ್ರತಿ, ಪಕ್ಕಪಕ್ಕದಲ್ಲಿ. ಬಲ್ಬು ಉಂಡೆಯಾಗಿದ್ದರೆ ಪ್ರತಿ ಬಣ್ಣಕ್ಕೂ ಒಂದು ಉಂಡೆ; ಆ ಉಂಡೆಗಳೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಅದೇ ಬೆಳಕನ್ನು ಕೂದಲೆಳೆಯಂಥ ಸೀಳಿನಿಂದ ಒಳಗೆ ಬಿಟ್ಟರೆ ಪ್ರತಿ ಬಣ್ಣಕ್ಕೂ ಒಂದು ಕೂದಲೆಳೆ. ಪುಸ್ತಕದಲ್ಲಿ ನೀವು ನೋಡಿದ ಗೆರೆ ಸೀಳಿನ ಚಿತ್ರವೇ. ಸೀಳು ಹೇಗೋ ಗೆರೆ ಹಾಗೆ.

ಏನೇನು ಬೇಕು

ಮಿಲಿಮೀಟರಿಗೆ 500 ಗೆರೆಯ ಒಂದು ಗ್ರೇಟಿಂಗ್, ಸ್ಲೈಡಿನ ಚೌಕಟ್ಟಿನಲ್ಲಿ ಬರುವಂಥದ್ದು. ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಒಂದು ಶೂ ಡಬ್ಬ. ಒಂದು ಶೇವಿಂಗ್ ಬ್ಲೇಡು. ಹೊಳಪಿಲ್ಲದ ಕಪ್ಪು ಕಾಗದ, ಕಪ್ಪು ಇನ್ಸುಲೇಷನ್ ಟೇಪು, ರಬ್ಬರ್ ಬ್ಯಾಂಡು. ಜೊತೆಗೆ ಒಂದು ಹಳೆಯ ಸಿಎಫ್‌ಎಲ್ ಬಲ್ಬು. ಇದು ಈಗ ಅಂಗಡಿಯಲ್ಲಿ ಕಾಣುವುದೇ ಅಪರೂಪ, ಆದರೆ ನಮ್ಮ ಮನೆಗಳ ಮಾಳಿಗೆಯಲ್ಲಿ ಒಂದಾದರೂ ಇದ್ದೇ ಇರುತ್ತದೆ. ಇಲ್ಲವಾದರೆ ಮುಂಬೈಯವರು ಲೋಹಾರ್ ಚಾಳಿನಲ್ಲಿ, ಪುಣೆಯವರು ತಪಕೀರ್ ಗಲ್ಲಿಯಲ್ಲಿ ವಿಚಾರಿಸಿ. ಸೊಸೈಟಿಯ ಮೆಟ್ಟಿಲಲ್ಲಿ ಹಳೆಯ ಟ್ಯೂಬ್‌ಲೈಟ್ ಉಳಿದಿದ್ದರೆ ಅದೂ ನಡೆಯುತ್ತದೆ. ಈ ಬಲ್ಬಿನೊಳಗೆ ಪಾದರಸ ಇರುವುದರಿಂದ ಒಡೆಯದಂತೆ ನೋಡಿಕೊಳ್ಳಿ. ಒಡೆದರೆ ಕಿಟಕಿ ತೆರೆದು ಹತ್ತು ಹದಿನೈದು ನಿಮಿಷ ಕೋಣೆ ಬಿಟ್ಟು ಹೊರಗಿರಿ, ಆಮೇಲೆ ಚೂರುಗಳನ್ನು ಗಟ್ಟಿ ಕಾಗದದಲ್ಲಿ ಬಾಚಿ ತೆಗೆಯಿರಿ. ವ್ಯಾಕ್ಯೂಮ್ ಕ್ಲೀನರ್ ಬಳಸಬೇಡಿ.

ಗ್ರೇಟಿಂಗ್ ಕೊಳ್ಳುವಾಗ ಎರಡು ಎಚ್ಚರಿಕೆ. ಮಕ್ಕಳ ಕಾಮನಬಿಲ್ಲು ಕನ್ನಡಕದಲ್ಲಿರುವ ಹಾಳೆಗೆ ಎರಡು ದಿಕ್ಕಿನಲ್ಲೂ ಗೆರೆ ಇರುತ್ತದೆ, ಬಣ್ಣ ಸುತ್ತಲೂ ಚದುರುತ್ತದೆ, ಅದು ಬೇಡ. 1000 ಗೆರೆಯದು ಬಣ್ಣಗಳನ್ನು ಹೆಚ್ಚು ಹರಡುತ್ತದೆ ನಿಜ, ಆದರೆ ಹಸಿರು ಬೆಳಕೇ ಸುಮಾರು 33 ಡಿಗ್ರಿ ಓರೆಗೆ ಹೋಗುತ್ತದೆ, ಶೂ ಡಬ್ಬದಲ್ಲಿ ಹಿಡಿಸುವುದಿಲ್ಲ. ಮೊದಲ ಸಲಕ್ಕೆ 500 ಸಾಕು.

ಏನೂ ಕೊಳ್ಳದೆ ಮಾಡಬೇಕೆಂದರೆ ಹಳೆಯ ಡಿವಿಡಿ ಇದೆ. ಅದರ ಸುರುಳಿ ಗೆರೆಗಳ ನಡುವಿನ ಅಂತರ 0.74 ಮೈಕ್ರೊಮೀಟರ್, ಅಂದರೆ ಮಿಲಿಮೀಟರಿಗೆ ಸುಮಾರು 1350 ಗೆರೆ. ಅಂಚಿನಲ್ಲಿ ಬ್ಲೇಡು ತೂರಿಸಿ ಎರಡು ಪದರ ಬಿಡಿಸಿ, ಪಾರದರ್ಶಕ ಪದರವನ್ನು ಇಟ್ಟುಕೊಂಡು, ನೇರಳೆ ಬಣ್ಣ ಅಂಟಿದ್ದರೆ ಸ್ಪಿರಿಟ್ ಸುರಿದು ತೊಳೆಯಿರಿ. ಗೆರೆ ದುಂಡಗಿರುವುದರಿಂದ ಹೊರ ಅಂಚಿನ ತುಂಡನ್ನೇ ಕತ್ತರಿಸಿಕೊಳ್ಳಿ, ಅಲ್ಲಿ ಬಾಗು ಕಡಿಮೆ. ಇದರಲ್ಲೂ ಬೆಳಕು ತುಂಬ ಓರೆಗೆ ಹೋಗುವುದರಿಂದ ಕೆಳಗೆ ಕೊಟ್ಟಿರುವ ಪೆಟ್ಟಿಗೆಯ ಅಳತೆ ಇದಕ್ಕೆ ಒಗ್ಗುವುದಿಲ್ಲ.

1. ಮೊದಲು ಸೀಳಿಲ್ಲದೆ ನೋಡಿ

ರಾತ್ರಿ ಟೆರೇಸಿಗೆ ಹೋಗಿ ಗ್ರೇಟಿಂಗನ್ನು ಮೊಬೈಲಿನ ಲೆನ್ಸಿಗೆ ಅಂಟಿದಂತೆ ಹಿಡಿಯಿರಿ. ದೂರದ ಬೀದಿದೀಪಗಳು ಚುಕ್ಕೆಯಷ್ಟೇ ಇರುವುದರಿಂದ ಅವಕ್ಕೆ ಸೀಳು ಬೇಕಿಲ್ಲ. ಪ್ರತಿ ದೀಪದ ಪಕ್ಕದಲ್ಲೂ ಅದರದೇ ಸಣ್ಣ ರೋಹಿತ ತೂಗುತ್ತದೆ. ಅದು ಎಡಬಲಕ್ಕೆ ಹರಡುವಂತೆ ಸ್ಲೈಡನ್ನು ತಿರುಗಿಸಿ, ಹರಡುವ ದಿಕ್ಕಿಗೆ ಚೌಕಟ್ಟಿನ ಮೇಲೆ ಪೆನ್ನಿನಿಂದ ಬಾಣ ಹಾಕಿಕೊಳ್ಳಿ. ಆ ಬಾಣ ಮುಂದೆ ಬೇಕು. ಈಗ ಎಲ್ಲ ಕಡೆಯೂ ಎಲ್‌ಇಡಿ. ಮರೀನ್ ಡ್ರೈವಿನ ಹಳದಿ ಹಾರವೂ 2015ರ ಹೊತ್ತಿಗೆ ಬದಲಾಯಿತು. ಎಲ್ಲಾದರೂ ಒಂದು ಹಳೆಯ ಸೋಡಿಯಂ ದೀಪ ಉಳಿದಿದ್ದರೆ ಬಿಡಬೇಡಿ: ಎಲ್‌ಇಡಿಯ ರೋಹಿತ ನಯವಾದ ಪಟ್ಟಿ, ಅದರದು ತುಂಡು ತುಂಡು. ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿಯಬಹುದು.

2. ಸೀಳು

ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಇದಕ್ಕೆ.

ಬ್ಲೇಡನ್ನು ಹೊದಿಕೆ ಕಾಗದದ ಸಮೇತ ಉದ್ದಕ್ಕೆ ಮಡಚಿದರೆ ಎರಡಾಗಿ ಮುರಿಯುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ದಪ್ಪ ಬಟ್ಟೆ ಇರಲಿ. ಮಕ್ಕಳು ಮಾಡುತ್ತಿದ್ದರೆ ಈ ಹೆಜ್ಜೆ ಮಾತ್ರ ದೊಡ್ಡವರು ಮಾಡಿಕೊಡಬೇಕು. ಡಬ್ಬದ ಚಿಕ್ಕ ಬದಿಯಲ್ಲಿ 2 ಸೆಂ.ಮೀ. ಎತ್ತರ, 1 ಸೆಂ.ಮೀ. ಅಗಲದ ಕಿಂಡಿ ಕತ್ತರಿಸಿ (ಎಲ್ಲಿ ಎಂಬುದು ಮೂರನೇ ಹೆಜ್ಜೆಯಲ್ಲಿದೆ). ಮೊದಲ ಅರ್ಧವನ್ನು, ಹರಿತವಾದ ಅಂಚು ಕಿಂಡಿಯ ನಡುವಿಗೆ ಬರುವಂತೆ, ನೆಟ್ಟಗೆ ಟೇಪು ಹಾಕಿ ಕೂರಿಸಿ. ಇನ್ನೊಂದು ಅರ್ಧವನ್ನು ಅದಕ್ಕೆ ಎದುರಾಗಿ ತನ್ನಿ. ಎರಡೂ ಅಂಚಿನ ನಡುವೆ ಒಂದು ಜೆರಾಕ್ಸ್ ಹಾಳೆಯ ತುಂಡನ್ನು ಲಂಬವಾಗಿ ನಿಲ್ಲಿಸಿ, ಬ್ಲೇಡು ಹಾಳೆಗೆ ತಾಗುವಷ್ಟು ತಳ್ಳಿ, ಟೇಪು ಹಾಕಿ. ಆಮೇಲೆ ಹಾಳೆಯನ್ನು ಮೆಲ್ಲಗೆ ಎಳೆದುಬಿಡಿ. ಸಾಧಾರಣ ಜೆರಾಕ್ಸ್ ಹಾಳೆಯ ದಪ್ಪ ಸುಮಾರು 0.1 ಮಿ.ಮೀ., ನಿಮ್ಮ ಸೀಳೂ ಈಗ ಅಷ್ಟೇ. ಅದನ್ನು ಬೆಳಕಿಗೆ ಹಿಡಿದು ನೋಡಿ: ಮೇಲಿಂದ ಕೆಳಗಿನವರೆಗೆ ಒಂದೇ ಸಮನಾದ ಬಿಳಿ ದಾರ ಕಾಣಬೇಕು. ಒಂದು ತುದಿ ಅಗಲ, ಒಂದು ತುದಿ ಸಣ್ಣ ಕಂಡರೆ ಟೇಪು ಬಿಚ್ಚಿ ಮತ್ತೆ ಮಾಡಿ. ಬೇಸರಪಡಬೇಡಿ, ಮೂರನೇ ಸಲಕ್ಕೆ ಕೈ ಕೂರುತ್ತದೆ.

ಇಷ್ಟು ಸಣ್ಣ ಯಾಕೆ? 30 ಸೆಂ.ಮೀ. ದೂರದ 0.1 ಮಿ.ಮೀ. ಸೀಳನ್ನು 500 ಗೆರೆಯ ಗ್ರೇಟಿಂಗಿನ ಮೂಲಕ ನೋಡಿದರೆ ಪ್ರತಿ ಗೆರೆ ಸುಮಾರು 0.7 ನ್ಯಾನೊಮೀಟರಿನಷ್ಟು ಅಗಲ ಬರುತ್ತದೆ. 12 ಮೆಗಾಪಿಕ್ಸೆಲ್ ಮೊಬೈಲಿನ ಮುಖ್ಯ ಕ್ಯಾಮೆರಾದಲ್ಲಿ ಒಂದು ಪಿಕ್ಸೆಲ್ ಕೂಡ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಇದಕ್ಕಿಂತ ಸಣ್ಣ ಸೀಳಿನಿಂದ ಹೆಚ್ಚಿನ ಲಾಭವಿಲ್ಲ, ಬೆಳಕು ಮಾತ್ರ ಕಡಿಮೆಯಾಗುತ್ತದೆ. ಕಟರಿನಿಂದ ರಟ್ಟಿನಲ್ಲಿ ಕೊಯ್ದ 3 ಮಿ.ಮೀ. ಸೀಳಿನಲ್ಲಾದರೋ ಒಂದು ಗೆರೆ 20 ನ್ಯಾನೊಮೀಟರಿಗೆ ಹರಡುತ್ತದೆ. ನೀವು ಕಳಿಸಿದ ಬಹುತೇಕ ಫೋಟೊಗಳಲ್ಲಿ ಆಗಿದ್ದು ಇದೇ. ಗೆರೆಗಳು ಅಲ್ಲೇ ಇದ್ದವು, ಒಂದಕ್ಕೊಂದು ಅಂಟಿಕೊಂಡಿದ್ದವು.

ಫೋಟೊದಲ್ಲಿ ನೇರಳೆಯಿಂದ ಕೆಂಪಿನವರೆಗೆ ಉದ್ದಕ್ಕೂ ಓಡುವ ಸಣ್ಣ ಕಪ್ಪು ಗೀಟು ಕಂಡರೆ ಹೊಸ ಶೋಧ ಎಂದುಕೊಳ್ಳಬೇಡಿ. ಅದು ಸೀಳಿನಲ್ಲಿ ಕೂತ ಧೂಳಿನ ಕಣ. ಬೆಂಕಿಕಡ್ಡಿಯ ತುದಿಯನ್ನು ಚೂಪು ಮಾಡಿ ಸೀಳಿನಲ್ಲಿ ಒಮ್ಮೆ ಮೇಲಿಂದ ಕೆಳಗೆ ಎಳೆಯಿರಿ.

3. ಪೆಟ್ಟಿಗೆ

ಸೀಳನ್ನು ಲೆನ್ಸಿನ ನೇರ ಎದುರಿಗೆ ಇಡುವುದು ಸಾಮಾನ್ಯ ತಪ್ಪು. ಹಾಗೆ ಇಟ್ಟರೆ ರೋಹಿತ ಫೋಟೊದ ಅಂಚಿಗೆ ಹೋಗಿ ಬೀಳುತ್ತದೆ, ಅಲ್ಲಿ ಮೊಬೈಲ್ ಲೆನ್ಸು ಅಷ್ಟು ಚುರುಕಾಗಿರುವುದಿಲ್ಲ. 500 ಗೆರೆಯ ಗ್ರೇಟಿಂಗ್ ಹಸಿರನ್ನು ಸುಮಾರು 16 ಡಿಗ್ರಿ ತಿರುಗಿಸುವುದರಿಂದ ಸೀಳನ್ನೇ ಅಷ್ಟು ಓರೆಗೆ ಇಡಿ. 30 ಸೆಂ.ಮೀ. ಉದ್ದದ ಡಬ್ಬಕ್ಕೆ ಲೆಕ್ಕ ಹೀಗೆ: ಲೆನ್ಸಿನ ತೂತಿನಿಂದ ಎದುರು ಬದಿಗೆ ನೇರ ಗೆರೆ ಎಳೆದು, ಅದು ತಾಗಿದ ಜಾಗದಿಂದ 8.5 ಸೆಂ.ಮೀ. ಪಕ್ಕಕ್ಕೆ ಸೀಳು. ಲೆನ್ಸಿನ ತೂತನ್ನು ಒಂದು ಮಗ್ಗುಲಿಗೆ ಮಾಡಿದರೆ ಶೂ ಡಬ್ಬದ ಅಗಲದಲ್ಲಿ ಇದು ಹಿಡಿಸುತ್ತದೆ. ಆಗ ಹಸಿರು ಫೋಟೊದ ನಟ್ಟನಡುವೆ ಬರುತ್ತದೆ, ಸೀಳಿನ ಬಿಳಿ ಚಿತ್ರ ಒಂದು ಪಕ್ಕದಲ್ಲಿರುತ್ತದೆ.

ಡಬ್ಬದ ಒಳಗೆಲ್ಲ ಕಪ್ಪು ಕಾಗದ ಅಂಟಿಸಿ, ಮೂಲೆಗಳಿಗೆ ಟೇಪು ಹಾಕಿ. ಬಣ್ಣದ ಪಟ್ಟಿ ಡಬ್ಬದ ಗೋಡೆಯ ಮೇಲೆ ಬಿದ್ದ ಹಾಗೆ ಕಾಣುತ್ತದೆ, ಆದರೆ ಮುಚ್ಚಳ ತೆಗೆದು ನೋಡಿದರೆ ಅಲ್ಲಿ ಏನೂ ಇರುವುದಿಲ್ಲ. ಆದರೂ ಗೋಡೆ ಕಪ್ಪಿರಲೇಬೇಕು, ಯಾಕೆಂದರೆ ಫೋಟೊದಲ್ಲಿ ರೋಹಿತದ ಹಿನ್ನೆಲೆ ಅದೇ ಗೋಡೆ. ಹೊಳೆಯುವ ಚಾರ್ಟ್ ಪೇಪರ್ ಹಾಕಿದರೆ ಮಂದ ಗೆರೆಗಳು ಆ ಹೊಳಪಿನಲ್ಲಿ ಮುಳುಗುತ್ತವೆ.

4. ಗ್ರೇಟಿಂಗ್ ಕೂರಿಸುವುದು

ಲೆನ್ಸಿನ ತೂತಿಗೆ ಒಳಗಿನಿಂದ ಸ್ಲೈಡನ್ನು ಅಂಟಿಸಿ. ಬಾಣ ಎಡಬಲಕ್ಕೆ, ಸೀಳು ಮೇಲಿಂದ ಕೆಳಕ್ಕೆ. ಇವೆರಡೂ ಸರಿಯಾಗಿ ಅಡ್ಡಡ್ಡ ಬರಬೇಕು. ಓರೆಯಾದರೆ ಗೆರೆಗಳೂ ವಾಲಿಕೊಳ್ಳುತ್ತವೆ, ಮುಂದೆ ಅಳತೆ ಕೆಡುತ್ತದೆ. ಹೊರಗಿನಿಂದ ಮೊಬೈಲನ್ನು ರಬ್ಬರ್ ಬ್ಯಾಂಡು ಹಾಕಿ ಬಿಗಿಯಿರಿ.

ಹಾಳೆಯನ್ನು ಬೆರಳಿನಿಂದ ಮುಟ್ಟಬೇಡಿ, ಒರೆಸಬೇಡಿ. ನನ್ನ ಮೊದಲ ಗ್ರೇಟಿಂಗನ್ನು ಕರವಸ್ತ್ರದಿಂದ ಒರೆಸಿ ಕೆಡಿಸಿಕೊಂಡೆ. ಆ ಗೆರೆಗಳ ನಡುವಿನ ಅಂತರ ಎರಡೇ ಮೈಕ್ರೊಮೀಟರ್, ಬಟ್ಟೆಯ ಒಂದು ಉಜ್ಜಿಗೆ ಅಳಿಸಿಹೋಗುತ್ತವೆ. ಧೂಳಿದ್ದರೆ ಕ್ಯಾಮೆರಾದವರು ಬಳಸುವ ರಬ್ಬರ್ ಬುರುಡೆಯಿಂದ ಗಾಳಿ ಊದಿ, ಅಷ್ಟೇ.

5. ಮೊಬೈಲಿನ ಸೆಟ್ಟಿಂಗ್

ಪ್ರೊ ಮೋಡ್ ಇದ್ದರೆ ಅದರಲ್ಲೇ ಮಾಡಿ. ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರ್ ತೋರುವ ಚುರುಕು, 100ರಲ್ಲಿರಲಿ. ವೈಟ್ ಬ್ಯಾಲೆನ್ಸ್ 5000ಕ್ಕೆ ಕಟ್ಟಿಹಾಕಿ. ಎಚ್‌ಡಿಆರ್, ನೈಟ್ ಮೋಡ್, ಎಐ ಅಲಂಕಾರ ಎಲ್ಲ ಬಂದ್; ಅವು ಫೋಟೊವನ್ನು ಚಂದ ಮಾಡುವ ಭರದಲ್ಲಿ ಗೆರೆಗಳನ್ನು ತಿದ್ದಿಬಿಡುತ್ತವೆ. ರಾ ಫೈಲ್, ಅಂದರೆ ಮೊಬೈಲ್ ತಿದ್ದದ ಮೂಲ ಚಿತ್ರ, ಉಳಿಸುವ ಸೌಲಭ್ಯ ಇದ್ದರೆ ಬಳಸಿ.

ಶಟರ್, ಅಂದರೆ ಸೆನ್ಸರಿನ ಮೇಲೆ ಬೆಳಕು ಬೀಳುವ ಹೊತ್ತು, 1/100, 1/50, 1/25 ಸೆಕೆಂಡು ಇವುಗಳಲ್ಲಿ ಒಂದಿರಲಿ. ನಮ್ಮ ವಿದ್ಯುತ್ತು 50 ಹರ್ಟ್ಜ್, ಅದಕ್ಕೆ ಕಟ್ಟಿದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಬೇರೆ ಶಟರ್ ಇಟ್ಟರೆ ಫೋಟೊದಲ್ಲಿ ಪಟ್ಟೆ ಬರಬಹುದು. ಫೋಕಸ್ ಕೈಯಿಂದ, ಸೀಳಿನ ದೂರಕ್ಕೆ. ಪ್ರೊ ಮೋಡ್ ಇಲ್ಲದಿದ್ದರೆ ಹಸಿರು ಗೆರೆಯ ಮೇಲೆ ಬೆರಳು ಒತ್ತಿ ಹಿಡಿಯಿರಿ, ಹೆಚ್ಚಿನ ಮೊಬೈಲುಗಳಲ್ಲಿ ಫೋಕಸ್ಸೂ ಬೆಳಕೂ ಅಲ್ಲಿಗೇ ನಿಲ್ಲುತ್ತವೆ.

ಮೂರು ನಾಲ್ಕು ಲೆನ್ಸು ಇರುವ ಮೊಬೈಲಿನವರಿಗೆ ಒಂದು ಮಾತು: ಹತ್ತಿರದ ವಸ್ತು ಕಂಡ ಕೂಡಲೇ ಮೊಬೈಲ್ ತಾನೇ ಬೇರೆ ಲೆನ್ಸಿಗೆ ಹಾರುತ್ತದೆ, ಆಗ ಪರದೆ ಕಪ್ಪಾಗುತ್ತದೆ. ಗ್ರೇಟಿಂಗ್ ಕೆಟ್ಟಿದೆ ಎಂದುಕೊಳ್ಳಬೇಡಿ, ಆಟೊ ಮ್ಯಾಕ್ರೊ ಬಂದ್ ಮಾಡಿ.

6. ಮೊದಲ ಫೋಟೊ ಸಿಎಫ್‌ಎಲ್‌ನದು

ಕೋಣೆ ಕತ್ತಲು ಮಾಡಿ. ಒಂದು ಕೋಣೆಯ ಮನೆಯಲ್ಲಿ ಕತ್ತಲು ಸಿಗುವುದು ಬಚ್ಚಲಲ್ಲೇ. ನಾನೂ ಅಲ್ಲೇ ಮಾಡುತ್ತೇನೆ. ಬಲ್ಬನ್ನು ಸೀಳಿನಿಂದ ಒಂದು ಗೇಣು ದೂರ ಇಟ್ಟು, ಹಚ್ಚಿ ಎರಡು ನಿಮಿಷ ಬಿಡಿ.

ಈಗ ಕಾಣಬೇಕಾದದ್ದು: ನೀಲಿ ನೇರಳೆಯಲ್ಲಿ ಒಂದು ಗೆರೆ, 435.8 ನ್ಯಾನೊಮೀಟರ್, ಇದು ಪಾದರಸದ್ದು. 487ರ ಸುತ್ತ ತಿಳಿನೀಲಿಯ ಗುಂಪು. ಹಸಿರಿನಲ್ಲಿ ಬಲವಾದ ಜೋಡಿ. ಕೆಂಪಿನಲ್ಲಿ 611ರ ಹತ್ತಿರ ಒಂದು, ಅದು ಬಲ್ಬಿನ ಒಳಮೈಗೆ ಬಳಿದ ಪುಡಿಯಲ್ಲಿರುವ ಯುರೋಪಿಯಂ ಎಂಬ ಧಾತುವಿನದು.

ಹಸಿರಿನ ಜೋಡಿಯನ್ನು ಹಿಗ್ಗಿಸಿ ನೋಡಿ. ಒಂದು 542ರಲ್ಲಿ, ಪುಡಿಯಲ್ಲಿರುವ ಟರ್ಬಿಯಂನದು. ಇನ್ನೊಂದು 546.1ರಲ್ಲಿ, ಪಾದರಸದ್ದು. ಎರಡರ ನಡುವೆ ಇರುವುದು ಸುಮಾರು ನಾಲ್ಕೇ ನ್ಯಾನೊಮೀಟರ್, ಅಂದರೆ ಐದಾರು ಪಿಕ್ಸೆಲ್. ನಡುವೆ ಕಪ್ಪು ಕಂಡರೆ ನಿಮ್ಮ ಸೀಳು, ಫೋಕಸ್ಸು, ಜೋಡಣೆ ಮೂರೂ ಸರಿ. ಒಂದೇ ದಪ್ಪ ಗೆರೆಯಾಗಿ ಕಂಡರೆ ಎರಡನೇ ಹೆಜ್ಜೆಗೆ ಹಿಂತಿರುಗಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಗೆರೆ ಬಿಳಿಯಾಗಿ ಬಂದರೆ ಬೆಳಕು ಜಾಸ್ತಿಯಾಗಿದೆ, ಶಟರ್ ಕಡಿಮೆ ಮಾಡಿ. "ಹಳದಿಯೇ ಕಾಣುತ್ತಿಲ್ಲ, ಬರೀ ಕೆಂಪು ಹಸಿರು ನೀಲಿ" ಎಂದೂ ಹಲವರು ಕೇಳಿದ್ದಾರೆ. ಮೊಬೈಲಿನ ಸೆನ್ಸರಿಗೆ ಇರುವುದು ಆ ಮೂರು ಬಣ್ಣದ ಶೋಧಕಗಳು ಮಾತ್ರ, ಉಳಿದದ್ದನ್ನು ಅದು ಬೆರೆಸಿ ಊಹಿಸುತ್ತದೆ. ಆದ್ದರಿಂದ ಫೋಟೊದ ಬಣ್ಣವನ್ನು ನಂಬಬೇಡಿ, ಗೆರೆ ಬಿದ್ದ ಜಾಗವನ್ನು ನಂಬಿ. ಒಂದು ಗೆರೆ ಇನ್ನೊಂದಕ್ಕಿಂತ ಎಷ್ಟು ಪ್ರಖರ ಎಂದು ಹೋಲಿಸುವುದೂ ಅದೇ ಕಾರಣಕ್ಕೆ ಸಲ್ಲದು.

7. ಜಾಗವನ್ನು ಅಳತೆಗೆ ತಿರುಗಿಸುವುದು

ಇಮೇಜ್‌ಜೆ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫೋಟೊ ತೆರೆದು, ರೋಹಿತದ ಮೇಲೆ ಆಯತ ಎಳೆದು, ಅನಲೈಸ್ ಮೆನುವಿನ ಪ್ಲಾಟ್ ಪ್ರೊಫೈಲ್ ಒತ್ತಿದರೆ ಗೆರೆಗಳೆಲ್ಲ ಶಿಖರಗಳಾಗಿ ನಿಲ್ಲುತ್ತವೆ. ಆಯತದ ಎಡ ಅಂಚಿನಿಂದ ಎಣಿಸಿ, 435.8ರ ಶಿಖರ 112ನೇ ಪಿಕ್ಸೆಲಿನಲ್ಲೂ 546.1ರದು 270ರಲ್ಲೂ ಇದೆ ಎನ್ನಿ. ವ್ಯತ್ಯಾಸ 158 ಪಿಕ್ಸೆಲ್, 110.3 ನ್ಯಾನೊಮೀಟರ್, ಭಾಗಿಸಿದರೆ ಪಿಕ್ಸೆಲಿಗೆ 0.698. ಈ ಲೆಕ್ಕದಲ್ಲಿ 611ರ ಕೆಂಪು ಗೆರೆ 363ನೇ ಪಿಕ್ಸೆಲಿನ ಹತ್ತಿರ ಬರಬೇಕು. ಬಂದರೆ ನಿಮ್ಮ ಡಬ್ಬ ಇನ್ನು ಅಳತೆಗೋಲು. ಎರಡು ಮೂರು ಪಿಕ್ಸೆಲ್ ಆಚೀಚೆ ಆದರೆ ಚಿಂತೆಯಿಲ್ಲ, ಹತ್ತಾದರೆ ಯಾವುದೋ ಗೆರೆಯನ್ನು ತಪ್ಪಾಗಿ ಗುರುತಿಸಿದ್ದೀರಿ.

ಮೊಬೈಲನ್ನು ಡಬ್ಬದಿಂದ ಒಮ್ಮೆ ತೆಗೆದರೂ ಈ ಲೆಕ್ಕ ರದ್ದು. ಆಯತವೂ ಅದೇ ಜಾಗದಲ್ಲಿರಬೇಕು. ಪ್ರತಿ ಸಲ ಕೂತಾಗ ಮೊದಲ ಫೋಟೊ ಸಿಎಫ್‌ಎಲ್‌ನದು, ಕೊನೆಯದೂ ಅದರದೇ.

8. ಇನ್ನು ಏನೇನು ತೆಗೆಯಬಹುದು

ಬಿಳಿ ಎಲ್‌ಇಡಿ: 450ರ ಬಳಿ ನೀಲಿ ಶಿಖರ, 480ರ ಹತ್ತಿರ ತಗ್ಗು, ಆಮೇಲೆ ಹಳದಿಯ ಅಗಲವಾದ ದಿಬ್ಬ. ಎಕ್ಸ್‌ಟೆನ್ಷನ್ ಬೋರ್ಡಿನ ಕಿತ್ತಳೆ ಇಂಡಿಕೇಟರ್: ಅದು ನಿಯಾನ್ ಆಗಿದ್ದರೆ 585, 614, 640 ಮೊದಲಾದ ಕಡೆ ಬಿಡಿಬಿಡಿ ಗೆರೆ, ಎಲ್‌ಇಡಿ ಆಗಿದ್ದರೆ ಒಂದೇ ದಿಬ್ಬ. ಸೀಳನ್ನು ಅದರ ಹತ್ತಿರ ತಂದರೆ ಸಾಕು, ಬೋರ್ಡು ಬಿಚ್ಚಬೇಡಿ.

ಅಡುಗೆಮನೆಯ ಗ್ಯಾಸ್ ಉರಿ ನನಗೆ ಬಲು ಇಷ್ಟ. ದೀಪ ಆರಿಸಿ, ಫ್ಯಾನು ನಿಲ್ಲಿಸಿ, ಅರ್ಧ ಮೀಟರ್ ದೂರದಿಂದ ಒಂದೆರಡು ಸೆಕೆಂಡಿನ ಫೋಟೊ ತೆಗೆಯಿರಿ. ಆ ನೀಲಿ ಉರಿಯಲ್ಲಿ 516ರ ಹತ್ತಿರ ಹಸಿರು ಪಟ್ಟೆ, 474ರ ಹತ್ತಿರ ನೀಲಿ ಪಟ್ಟೆ. ಎರಡು ಇಂಗಾಲದ ಪರಮಾಣು ಜೋಡಿಯಾದ ಅಣುವಿನದು, ಸ್ವಾನ್ ಪಟ್ಟೆಗಳು ಎಂದು ಹೆಸರು. ಧೂಮಕೇತುವಿನ ತಲೆ ಹಸಿರಾಗಿ ಕಾಣುವುದೂ ಇದೇ ಅಣುವಿನಿಂದ. ಒದ್ದೆ ಸ್ಟೀಲ್ ಚಮಚಕ್ಕೆ ಉಪ್ಪು ಅಂಟಿಸಿ, ಇಕ್ಕಳದಲ್ಲಿ ಹಿಡಿದು ಉರಿಯ ಅಂಚಿಗೆ ತಂದರೆ 589ರಲ್ಲಿ ಸೋಡಿಯಂನ ಹಳದಿ ಗೆರೆ ಧಗ್ಗನೆ ಏಳುತ್ತದೆ. ನಿಜದಲ್ಲಿ ಅದು 589.0 ಮತ್ತು 589.6ರ ಜೋಡಿ, ಈ ಡಬ್ಬದಲ್ಲಿ ಬೇರೆಯಾಗುವುದಿಲ್ಲ. ಉಪ್ಪು ಬರ್ನರಿನ ತೂತಿಗೆ ಬೀಳದಿರಲಿ.

ಕೊನೆಗೆ ಹಗಲ ಬೆಳಕು. ಸೂರ್ಯನ ಕಡೆಗೆ ಡಬ್ಬವನ್ನಾಗಲಿ ಕಣ್ಣನ್ನಾಗಲಿ ಎಂದೂ ತಿರುಗಿಸಬೇಡಿ, ಕಣ್ಣೂ ಹೋಗುತ್ತದೆ ಸೆನ್ಸರೂ ಹೋಗುತ್ತದೆ. ಸೂರ್ಯ ಇಲ್ಲದ ಕಡೆಯ ಆಕಾಶ ಸಾಕು. ನಮ್ಮ ಜುಲೈ ತಿಂಗಳ ಬಿಳಿ ಮೋಡವಂತೂ ಇದಕ್ಕೆ ಹೇಳಿಮಾಡಿಸಿದ್ದು: ಅದು ಚೆದುರಿಸುವುದು ಸೂರ್ಯನ ಬೆಳಕನ್ನೇ. ನಯವಾದ ಬಣ್ಣದ ಪಟ್ಟಿಯಲ್ಲಿ ಸಣ್ಣ ಕಪ್ಪು ಗೆರೆಗಳನ್ನು ಹುಡುಕಿ. 486ರಲ್ಲಿ ಜಲಜನಕ, 517ರ ಸುತ್ತ ಮೆಗ್ನೀಸಿಯಂ, 589ರಲ್ಲಿ ಸೋಡಿಯಂ. ಜರ್ಮನಿಯ ಭೌತವಿಜ್ಞಾನಿ ಫ್ರಾನ್‌ಹೋಫರ್ 1814ರಲ್ಲಿ ಪಟ್ಟಿ ಮಾಡಿದ ಗೆರೆಗಳಿವು. ಅಡುಗೆಮನೆಯಲ್ಲಿ ಹಳದಿಯಾಗಿ ಹೊಳೆದ ಜಾಗದಲ್ಲೇ ಇಲ್ಲಿ ಕಪ್ಪು. ಎರಡೂ ಫೋಟೊವನ್ನು ಒಂದರ ಕೆಳಗೆ ಒಂದಿಟ್ಟು ನೋಡಿ.

ಸೋಡಿಯಂನ ಆ ಗೆರೆಯ ಪಕ್ಕದಲ್ಲೇ, 587.5ರಲ್ಲಿ, ಹೀಲಿಯಂನ ಗುರುತು ಸಿಕ್ಕಿದ್ದು. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ಕೊಂಕಣದ ದಡ ಹತ್ತಿ ಬಿಜಾಪುರದ ಮೇಲೆ ಹಾದು ಗುಂಟೂರಿನತ್ತ ಹೋಯಿತು. ಆ ದಿನ ಗುಂಟೂರಿನಲ್ಲಿ ಫ್ರಾನ್ಸಿನ ಖಗೋಳವಿಜ್ಞಾನಿ ಜಾನ್ಸೆನ್ ಇದ್ದ, ನಮ್ಮ ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಎಂಬ ಸೇನಾಧಿಕಾರಿ ರೋಹಿತದರ್ಶಕ ಹಿಡಿದು ಕಾದಿದ್ದ, ಸೂರ್ಯನ ಅಂಚಿನ ಜ್ವಾಲೆಗಳಲ್ಲಿ ಹೊಳೆಯುವ ಗೆರೆಗಳನ್ನು ಕಂಡ. ಹೀಲಿಯಂನ ಆ ಗೆರೆ ಮಾಮೂಲಿ ಹಗಲ ಬೆಳಕಿನಲ್ಲಿ ಕಾಣುವುದಿಲ್ಲ, ನಿಮ್ಮ ಫೋಟೊದಲ್ಲಿ ಹುಡುಕಿ ದಣಿಯಬೇಡಿ.

ಕೆಲಸ ಮುಗಿದ ಮೇಲೆ ಸ್ಲೈಡನ್ನು ಗಾಳಿಯಾಡದ ಡಬ್ಬಿಯಲ್ಲಿ, ಔಷಧದ ಬಾಟಲಿಯೊಳಗೆ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಅದರ ಮೇಲೂ ಬೂಷ್ಟು ಹಿಡಿಯುತ್ತದೆ. ಬ್ಲೇಡಿನ ಅಂಚಿಗೂ ತುಕ್ಕು ಬರುವುದರಿಂದ ದೀಪಾವಳಿಯ ಹೊತ್ತಿಗೆ ಸೀಳನ್ನು ಹೊಸ ಬ್ಲೇಡಿನಲ್ಲಿ ಮತ್ತೊಮ್ಮೆ ಮಾಡಿಕೊಳ್ಳಿ.